ಬಾನೆಟ್ಟಿನ ಕೆಳಗಿನ ಚರಿತ್ರೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೋಟಾರಿನ ಮೋಹವುಳ್ಳವರದೇ ಒಂದು ಗುಂಪಿದೆ. ಅಮೆರಿಕದ ಮಸಲ್ ಕಾರಿನ ಹೊಸ ಮಾದರಿ ಬರಲಿದೆಯೆಂಬ ಸುದ್ದಿ ಹಬ್ಬಿದರೆ ಸಾಕು, ಅದರ ಬಾನೆಟ್ಟು ಅಲ್ಯೂಮಿನಿಯಮ್ಮಿನದೋ ಕಾರ್ಬನ್ ಫೈಬರಿನದೋ, ಮೇಲೆ ಗಾಳಿಗಿಂಡಿ ಇರುವುದೋ ಬರೀ ಉಬ್ಬು ಇರುವುದೋ ಎಂದು ತಿಂಗಳುಗಟ್ಟಲೆ ವಾದಿಸುತ್ತಾರೆ. ನನ್ನನ್ನೂ ಆ ವಾದಕ್ಕೆ ಎಳೆಯುತ್ತಾರೆ. ಇತಿಹಾಸ ಪಾಠ ಮಾಡಿದವನಿಗೆ ಭವಿಷ್ಯ ಹೇಳಲು ಬಾರದು. ಆದರೆ ಆ ಉಬ್ಬು ಎಲ್ಲಿಂದ ಬಂತೆಂಬುದನ್ನು ಹೇಳಬಲ್ಲೆ.

ಮಸ್ಟಾಂಗ್ ಎಂದರೆ ಕಾಡುಕುದುರೆ. ಟಿಪ್ಪುವಿನ ಅಶ್ವದಳದೊಡನೆ ಹೆಸರು ಬೆಸೆದುಕೊಂಡ ಕುಣಿಗಲ್ಲಿನ ಕುದುರೆ ಫಾರಂ ನೋಡಿ ಬೆಳೆದವರಿಗೆ ಒಂದು ಸತ್ಯ ಗೊತ್ತು: ಸವಾರ ಹಗುರವಾದಷ್ಟೂ ಓಟ ಚುರುಕು. ಕಾರಿಗೂ ಇದೇ ನಿಯಮ. ಒಂದು ಲೀಟರ್ ಗಾತ್ರದ ಉಕ್ಕು ಸುಮಾರು 7.8 ಕಿಲೋ ತೂಗಿದರೆ, ಅಲ್ಯೂಮಿನಿಯಮ್ 2.7 ಕಿಲೋ, ಕಾರ್ಬನ್ ಫೈಬರ್ ಮಿಶ್ರವಸ್ತು ಸುಮಾರು 1.6 ಕಿಲೋ ತೂಗುತ್ತದೆ.

1964ರಲ್ಲಿ ಫೋರ್ಡ್ ಕಂಪನಿಯು ಪಂದ್ಯಕ್ಕೆಂದೇ ಥಂಡರ್‌ಬೋಲ್ಟ್ ಎಂಬ ಕಾರನ್ನು ಮಾಡಿತು. ಸುಮಾರು 7 ಲೀಟರಿನ ಎಂಜಿನ್ನಿಗೆ ಎಡೆ ಸಾಲದೆ ಬಾನೆಟ್ಟನ್ನು ಕಣ್ಣೀರ ಹನಿಯಾಕಾರದಲ್ಲಿ ಉಬ್ಬಿಸಿದರು. ತೂಕ ಇಳಿಸಲು ಅದನ್ನು ಗಾಜಿನ ನಾರಿನಿಂದ, ಅಂದರೆ ಫೈಬರ್‌ಗ್ಲಾಸಿನಿಂದ ಮಾಡಿದರು. ಇಂದು ಅಲಂಕಾರವೆನಿಸುವ ಉಬ್ಬು ಅಂದು ಅನಿವಾರ್ಯವಾಗಿತ್ತು. ಅದಕ್ಕೂ ಮೊದಲು, 1953ರಲ್ಲಿ, ಷೆವ್ರೊಲೆಯ ಕಾರ್ವೆಟ್ ಇಡೀ ದೇಹವನ್ನೇ ಫೈಬರ್‌ಗ್ಲಾಸಿನಲ್ಲಿ ಪಡೆದಿತ್ತು. ಆ ವರ್ಷ ತಯಾರಾದವು 300 ಕಾರುಗಳು ಮಾತ್ರ. ಉಕ್ಕಿನ ತಗಡನ್ನು ಒತ್ತುವ ಅಚ್ಚುಗಳಿಗೆ ಅಪಾರ ಬಂಡವಾಳ ಬೇಕು. ಲಕ್ಷಗಟ್ಟಲೆ ಕಾರು ಮಾಡಿದರೆ ಮಾತ್ರ ಆ ಹಣ ಹುಟ್ಟುತ್ತದೆ. ಗಾಜಿನ ನಾರಿನ ಅಚ್ಚು ಅಗ್ಗ, ಕೆಲಸ ಮಾತ್ರ ನಿಧಾನ. ಕಡಿಮೆ ಸಂಖ್ಯೆಯಲ್ಲಿ ಮಾಡುವವನಿಗೆ ಅದೇ ದಾರಿ.

ಇದೇ ದಾರಿಯನ್ನು ನಮ್ಮವರೂ ಹಿಡಿದಿದ್ದರೆಂಬುದನ್ನು ನನ್ನ ಈ ಗೆಳೆಯರು ಬಲ್ಲರೇ? ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆಯ ಯೋಜನೆಯನ್ನು ಸಿದ್ಧಪಡಿಸಿದ್ದರು. ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಅವರ ಕಾರಿನ ಕಂಪನಿ ಪ್ರೀಮಿಯರ್ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ವಿಮಾನ ನಮಗೆ ಬಂತು, ಕಾರು ಅವರಿಗೆ ಹೋಯಿತು.

ಆ ಕೊರತೆಯನ್ನು ತುಂಬಲು ಹೊರಟದ್ದು ಬೆಂಗಳೂರಿನ ಸಿಪಾನಿ ಸಂಸ್ಥೆ. 1970ರ ದಶಕದಲ್ಲಿ ಅದು ಬಾದಲ್ ಎಂಬ ಮೂರು ಚಕ್ರದ ಪುಟ್ಟ ಕಾರನ್ನೂ, 1982ರಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯ ಡಾಲ್ಫಿನ್ ಎಂಬ ಕಾರನ್ನೂ ಹೊರತಂದಿತು. ಎರಡರ ದೇಹವೂ ಗಾಜಿನ ನಾರಿನದು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಡಾಲ್ಫಿನ್ ಕಂಡರೆ ಹುಡುಗರು ಬಾನೆಟ್ಟನ್ನು ಬೆರಳಿನಿಂದ ತಟ್ಟಿ, "ಪ್ಲಾಸ್ಟಿಕ್ ಡಬ್ಬ" ಎಂದು ನಗುತ್ತಿದ್ದರು. ಅದಕ್ಕೆ ತುಕ್ಕು ಹಿಡಿಯದೆಂಬ ಗುಣವನ್ನು ಯಾರೂ ಎಣಿಸಲಿಲ್ಲ. ಬಡಿದರೆ ನೆಗ್ಗದೆ ಸೀಳುವುದೆಂಬ ದೋಷವನ್ನು ಎಲ್ಲರೂ ಎಣಿಸಿದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಉಕ್ಕಿನ ದೇಹ, ನಾಲ್ಕು ಬಾಗಿಲು, ಸರ್ಕಾರದ ಬೆನ್ನಾಸರೆ. ಎರಡು ಬಾಗಿಲಿನ ಡಾಲ್ಫಿನ್ ಅದರ ಮುಂದೆ ನಿಲ್ಲಲಿಲ್ಲ. 2001ರಲ್ಲಿ ಬೆಂಗಳೂರಿನದೇ ರೇವಾ ವಿದ್ಯುತ್ ಕಾರು ಎ.ಬಿ.ಎಸ್. ಪ್ಲಾಸ್ಟಿಕ್ಕಿನ ಹೊದಿಕೆ ತೊಟ್ಟು ಬಂತು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ನಮ್ಮಲ್ಲಿ ಮತ್ತೆ ಅದೇ ನಗೆ.

2004ರ ವಿಶೇಷ ಕಾರ್ವೆಟ್ಟಿಗೆ ಕಾರ್ಬನ್ ಫೈಬರ್ ಬಾನೆಟ್ಟು ಬಂದಾಗ ಜಗತ್ತು ಬೆರಗಾಯಿತು. ತತ್ತ್ವ ಒಂದೇ: ನಾರನ್ನು ಅಂಟಿನಲ್ಲಿ ಅದ್ದಿ ಅಚ್ಚಿನಲ್ಲಿ ಹೊಂದಿಸುವುದು. ನಾರು ಬೇರೆ, ಬೆಲೆ ಬೇರೆ. ಬಡವನು ಅನಿವಾರ್ಯದಿಂದ ಮಾಡಿದರೆ ಡಬ್ಬ, ಸಿರಿವಂತನು ಆಯ್ದು ಮಾಡಿದರೆ ವೈಭವ. ನಮ್ಮ ಈ ತಕ್ಕಡಿ ಸರಿಯೇ ಎಂಬುದೇ ನನ್ನ ಪ್ರಶ್ನೆ.

ಇನ್ನೊಂದು ಮಾತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 615 ಎಕರೆ ನೆಲದಲ್ಲಿ, ಅದೇ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಆ ಸಂಸ್ಥೆಯ ಧ್ರುವ ಹೆಲಿಕಾಪ್ಟರಿನ ರೆಕ್ಕೆಗಳು ನಾರು-ಅಂಟಿನ ಮಿಶ್ರವಸ್ತುವಿನವೇ; ತೇಜಸ್ ಯುದ್ಧವಿಮಾನದ ದೇಹದ ತೂಕದಲ್ಲಿ ಸುಮಾರು 45 ಪ್ರತಿಶತ ಅಂಥದೇ ವಸ್ತು. ನಾವು ಬೆರಳಿನಿಂದ ತಟ್ಟಿ ನಕ್ಕ ವಿದ್ಯೆಯ ಸೋದರವಿದ್ಯೆ ಇಂದು ಆಕಾಶದಲ್ಲಿ ಜೀವಗಳನ್ನು ಹೊತ್ತು ಹಾರುತ್ತಿದೆ.

ಹೊಸ ಕಾರಿನ ಬಾನೆಟ್ಟಿನ ಬಗ್ಗೆ ಧಾರಾಳವಾಗಿ ಊಹಿಸಿರಿ; ಊಹೆಯಿಲ್ಲದೆ ಎಂಜಿನಿಯರು ಹುಟ್ಟುವುದಿಲ್ಲ. ಆ ಗುಂಪಿನಲ್ಲಿ ಒಬ್ಬನಾದರೂ ಗುಬ್ಬಿಯ ಆ ಗೇಟಿನೊಳಗೆ ಕೆಲಸಕ್ಕೆ ಹೋಗಲಿ ಎಂಬುದು ಮೇಷ್ಟರ ಆಸೆ. ನಿಮ್ಮ ಬಂಧುಗಳ ಮನೆಯಲ್ಲಿ ಬಾದಲ್ ಅಥವಾ ಡಾಲ್ಫಿನ್ ಇದ್ದಿದ್ದರೆ ದಯವಿಟ್ಟು ಬರೆದು ತಿಳಿಸಿ, ಓದಲು ಕಾದಿರುತ್ತೇನೆ.