ಸೂಪಾ ಸೀಮೆ : ಹಲವು ಕುಲ, ಒಂದು ನೆಲೆ

ಕಲ್ಯಾಣದ ಮಹಾಮನೆ ಚದುರಿದ ತರುವಾಯ ಶರಣರ ಒಂದು ತಂಡವು ಚನ್ನಬಸವಣ್ಣನವರ ನೇತೃತ್ವದಲ್ಲಿ ಪಡುವಣ ಘಟ್ಟದ ದಟ್ಟಡವಿಯನ್ನು ಹೊಕ್ಕು ಉಳವಿಯಲ್ಲಿ ನೆಲೆಗೊಂಡಿತೆಂಬುದು ವೀರಶೈವ ಪುರಾಣಗಳೂ ಜನಪರಂಪರೆಯೂ ಒಮ್ಮತದಿಂದ ಸಾರುವ ಸಂಗತಿ. 1584ರಲ್ಲಿ ವಿರೂಪಾಕ್ಷ ಪಂಡಿತನು ರಚಿಸಿದ ‘ಚನ್ನಬಸವ ಪುರಾಣ’ವು ಆ ಮಹಾಪುರುಷನ ಕೀರ್ತಿಯನ್ನು ನಾಡಿನ ಮನೆಮನೆಗೂ ಮುಟ್ಟಿಸಿತು. ಷಟ್‌ಸ್ಥಲ ಸಿದ್ಧಾಂತವನ್ನು ವ್ಯವಸ್ಥೆಗೊಳಿಸಿದ ಆ ‘ಅವಿರಳಜ್ಞಾನಿ’ಯ ಸಮಾಧಿಯಿಂದ ಉಳವಿಯು ಪುಣ್ಯಕ್ಷೇತ್ರವಾಯಿತು. ಆದರೆ ಉಳವಿಯನ್ನು ತನ್ನ ಮಡಿಲಲ್ಲಿಟ್ಟುಕೊಂಡ ಸೂಪಾ ಸೀಮೆಯ ಜನರು ಯಾರು, ಅವರ ಬಾಳು ಎಂಥದು ಎಂಬುದರ ಕಡೆಗೆ ಭಕ್ತರ ಗಮನ ಹರಿದದ್ದು ಕಡಿಮೆ.

ಉತ್ತರ ಕನ್ನಡ ಜಿಲ್ಲೆಯ ಈ ಸೀಮೆಯು ಒಂದು ಕಡೆ ಗೋವೆಗೂ, ಇನ್ನೊಂದು ಕಡೆ ಬೆಳಗಾವಿಯ ಖಾನಾಪುರಕ್ಕೂ, ಮೂಡಣಕ್ಕೆ ಹಳಿಯಾಳದ ಮೂಲಕ ಧಾರವಾಡದ ಬಯಲಿಗೂ ತಾಗಿಕೊಂಡಿದೆ. ಮೂರು ದಿಕ್ಕಿನಿಂದ ಮೂರು ನುಡಿಗಳು ಇಲ್ಲಿಗೆ ಇಳಿದು ಬಂದವು. ಕುಮರಿ ಬೇಸಾಯವನ್ನೂ ಗೆಡ್ಡೆಗೆಣಸುಗಳನ್ನೂ ನೆಚ್ಚಿ ಬದುಕಿದ ಕುಣಬಿಗಳ ಮನೆಮಾತು ಕೊಂಕಣಿ. ಎಮ್ಮೆ ಸಾಕುತ್ತ ಕಾಡಂಚಿನಲ್ಲಿ ವಾಸಿಸುವ ಗೌಳಿಗಳದು ಮರಾಠಿಯ ಒಂದು ಬಗೆ. ಶಾಲೆ, ಕಚೇರಿ, ಕೋರ್ಟುಗಳದು ಕನ್ನಡ. ಒಬ್ಬನೇ ಮನುಷ್ಯನು ಬೆಳಗಿನಿಂದ ಬೈಗಿನವರೆಗೆ ಈ ಮೂರು ನುಡಿಗಳ ನಡುವೆ ಸಂಚರಿಸುವುದು ಇಲ್ಲಿ ಪಾಂಡಿತ್ಯವಲ್ಲ, ನಿತ್ಯದ ಅಗತ್ಯ. ಜನಗಣತಿಯ ಹಾಳೆಯಲ್ಲಿ ಮಾತೃಭಾಷೆಗೆ ಇರುವುದು ಒಂದೇ ಅಂಕಣ. ಆ ಅಂಕಣದಲ್ಲಿ ಇಂಥವನ ಬಾಳು ಪೂರ್ತಿಯಾಗಿ ಹಿಡಿಸುವುದು ಕಷ್ಟ.

ಈ ಬೆರಕೆಗೆ ಚಾರಿತ್ರಿಕ ಕಾರಣಗಳುಂಟು. ಸೋದೆಯ ಅರಸರ ಕಾಲದಲ್ಲಿ ಘಟ್ಟದ ಮೇಲಿನ ಈ ನಾಡೂ ಗೋವೆಯ ದಕ್ಷಿಣ ಭಾಗದ ಕೆಲವು ಮಹಾಲುಗಳೂ ಒಂದೇ ರಾಜ್ಯಕ್ಕೆ ಸೇರಿದ್ದವು. ಆ ಅರಸು ಮನೆತನದಲ್ಲಿ ವೀರಶೈವ ನಿಷ್ಠೆ ಬೇರೂರಿತ್ತು. ಸದಾಶಿವರಾಯನಂಥ ಅರಸನು ಸ್ವತಃ ಕನ್ನಡ ಕವಿಯಾಗಿದ್ದನು. ಹಾಗಿದ್ದೂ ಆ ರಾಜಧಾನಿಯ ಆಸುಪಾಸಿನಲ್ಲೇ ಜೈನ ಮಠವೂ, ವಾದಿರಾಜರ ವೃಂದಾವನವೂ, ಸ್ವರ್ಣವಲ್ಲಿಯ ಸ್ಮಾರ್ತ ಮಠವೂ ಬೆಳಗಿದವು. 1763ರಲ್ಲಿ ಬಿದನೂರು ಹೈದರಾಲಿಯ ವಶವಾದ ಬಳಿಕ ಸೋದೆಯೂ ಉಳಿಯಲಿಲ್ಲ. ಅರಸನು ಪೋರ್ತುಗೀಜರ ಆಶ್ರಯವನ್ನು ಅರಸಿ ಗೋವೆಗೆ ತೆರಳಿದನು. ಗೋವೆಯ ಕಡೆಯ ಮಹಾಲುಗಳು ಅವರ ಕೈಸೇರಿದವು. ಅಂದಿನಿಂದ ಒಂದೇ ಜನದ ನಡುವೆ ಒಂದು ಗಡಿ ಬಿದ್ದಿತು. ಮುಂದೆ ಇಂಗ್ಲಿಷರ ಆಳ್ವಿಕೆಯಲ್ಲಿ ಈ ಜಿಲ್ಲೆಯು ಮೊದಲು ಮದ್ರಾಸಿಗೆ, 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ವಿಶಾಲ ಮೈಸೂರಿನ ಭಾಗವಾಯಿತು. ಆಳುವವರು ಬದಲಾದಂತೆ ಕಚೇರಿಯ ಕಾಗದಗಳ ನುಡಿ ಬದಲಾಯಿತು. ಒಲೆಯ ಮುಂದಿನ ನುಡಿ ಮಾತ್ರ ಬದಲಾಗಲಿಲ್ಲ.

ಆ ಗಡಿಯ ಪರಿಣಾಮವು ಕಾಗದಕ್ಕಷ್ಟೇ ನಿಲ್ಲಲಿಲ್ಲ. 2003ರಲ್ಲಿ ಗೋವೆಯ ಕುಣಬಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಗಡಿಯ ಈಚೆಗಿದ್ದ ಜೋಯಿಡಾದ ಕುಣಬಿಗಳು ಅಂದು ಆ ಪಟ್ಟಿಗೆ ಸೇರಲಿಲ್ಲ. ಒಂದೇ ಹೆಸರು, ಒಂದೇ ನುಡಿ, ನಡುವೆ ಒಂದು ಬೆಟ್ಟದ ಸಾಲು. ಆಚೆಯವರಿಗೆ ಒಂದು ಗುರುತು, ಈಚೆಯವರಿಗೆ ಇನ್ನೊಂದು. ಮನುಷ್ಯನು ತಾನು ಯಾರೆಂದು ತಿಳಿದುಕೊಂಡಿರುತ್ತಾನೋ ಅದು ಬೇರೆ, ರಾಜ್ಯವು ಅವನನ್ನು ಯಾರೆಂದು ಬರೆದುಕೊಳ್ಳುತ್ತದೋ ಅದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು.

ಸಿದ್ದಿಗಳ ಕಥೆ ಇನ್ನೂ ಗಂಭೀರವಾದುದು. 1510ರಲ್ಲಿ ಗೋವೆಯನ್ನು ಗೆದ್ದ ಪೋರ್ತುಗೀಜರು ಆಫ್ರಿಕದಿಂದ ದಾಸರನ್ನಾಗಿ ತಂದ ಜನರಲ್ಲಿ ಹಲವರು ಕಾಲಾನುಕಾಲಕ್ಕೆ ತಪ್ಪಿಸಿಕೊಂಡು ಘಟ್ಟ ಹತ್ತಿದರು. ಹಳಿಯಾಳ, ಯಲ್ಲಾಪುರ, ಸೂಪಾ, ಮುಂಡಗೋಡ ಸೀಮೆಗಳ ಕಾಡು ಅವರಿಗೆ ಮರೆಯಾಯಿತು. ಅವರಲ್ಲಿ ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ, ಹಿಂದೂಗಳಿದ್ದಾರೆ. ಕೊಂಕಣಿಯ ಒಂದು ಬಗೆಯನ್ನು ಮನೆಯಲ್ಲಿ ಆಡುವವರೂ ಕನ್ನಡದಲ್ಲಿ ಓದಿ ಬರೆಯುತ್ತಾರೆ. ಮತಗಳು ಮೂರಾದರೂ ತಾವು ಸಿದ್ದಿಗಳೆಂಬ ಬಳಗದ ಭಾವ ಕಳಚಿ ಹೋಗಿಲ್ಲ; ದಮಾಮಿಯ ಸದ್ದಿಗೆ ಮತಭೇದವಿಲ್ಲದೆ ಹೆಜ್ಜೆ ಕೂಡುತ್ತದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ರಾಜ್ಯದ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಶತಮಾನಗಳ ಕಾಲ ಬಣ್ಣವನ್ನೂ ಕೂದಲನ್ನೂ ನೋಡಿ ಪರದೇಶಿಗಳೆಂದು ಬಗೆಯಲಾದ ಜನಕ್ಕೆ ತಮ್ಮದೇ ನಾಡಿನ ಸಭೆಯಲ್ಲಿ ಒಂದು ಪೀಠ ದೊರೆಯಲು ಇಷ್ಟು ದೀರ್ಘಕಾಲ ಬೇಕಾಯಿತು.

ಇಪ್ಪತ್ತನೆಯ ಶತಮಾನವು ಈ ಸೀಮೆಗೆ ಹೊಸ ಜನರನ್ನು ತಂದಿತು, ಹಳಬರನ್ನು ಕದಲಿಸಿತು. 1955ರಲ್ಲಿ ಸ್ಥಾಪನೆಗೊಂಡ ಕಾಗದದ ಕಾರ್ಖಾನೆಯಿಂದ ದಾಂಡೇಲಿಯು ನಾನಾ ಪ್ರಾಂತ್ಯದ ಕಾರ್ಮಿಕರ ಊರಾಯಿತು. 1966ರಲ್ಲಿ ಮುಂಡಗೋಡದ ಬಳಿ ಟಿಬೇಟಿನ ನಿರಾಶ್ರಿತರು ನೆಲೆಗೊಂಡರು. ಕಾಳಿ ನದಿಗೆ ಕಟ್ಟಿದ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಾಗ ಪಾಂಢರಿಯು ಕಾಳಿಯನ್ನು ಕೂಡುವ ಎಡೆಯಲ್ಲಿದ್ದ ಹಳೆಯ ಸೂಪಾ ಪಟ್ಟಣವು ಸುತ್ತಲಿನ ಹಳ್ಳಿಗಳೊಡನೆ ನೀರಿನ ಪಾಲಾಗಿತ್ತು. ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಸಾಗಿತು. ಮನೆ ಕಳೆದುಕೊಂಡ ಕುಟುಂಬಗಳಲ್ಲಿ ಅನೇಕವು ರಾಮನಗರದಲ್ಲಿ ಹೊಸದಾಗಿ ಒಲೆ ಹೂಡಿದವು. ನಾಡಿಗೆ ಬೆಳಕು ಕೊಟ್ಟ ಆ ನೀರಿನ ಅಡಿಯಲ್ಲಿ ಒಂದು ಊರಿನ ಸಂತೆಪೇಟೆಯೂ, ನೆರೆಹೊರೆಯೂ ಮುಳುಗಿವೆ. ‘ಸೂಪಾದವರು’ ಎಂಬ ಗುರುತು ಮಾತ್ರ, ಊರು ಅಳಿದ ಮೇಲೂ, ಅವರ ನಾಲಗೆಯ ಮೇಲೆ ಉಳಿಯಿತು.

ಇಂಥ ನೆಲದಲ್ಲಿ ಶರಣರ ಸಮಾಧಿ ಇರುವುದು ಅರ್ಥಪೂರ್ಣವಾಗಿದೆ. ಕಲ್ಯಾಣಕ್ಕೆ ಬಂದವರಾದರೂ ಒಂದೇ ನುಡಿಯವರೇ? ಸೌರಾಷ್ಟ್ರದಿಂದ ಆದಯ್ಯ ಬಂದನು. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಮೋಳಿಗೆಯ ಮಾರಯ್ಯ ಬಂದನೆಂದು ಪರಂಪರೆ ಹೇಳುತ್ತದೆ. ಇಂದು ಮಹಾರಾಷ್ಟ್ರಕ್ಕೆ ಸೇರಿದ ಸೊನ್ನಲಿಗೆಯಿಂದ ಸಿದ್ಧರಾಮನು ಬಂದನು. ಅವರು ತಮ್ಮ ಪೂರ್ವದ ಗುರುತನ್ನೆಲ್ಲ ಅಳಿಸಿಕೊಂಡು ಬಂದರೆಂದು ತಿಳಿಯುವುದು ತಪ್ಪು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಡೋಹರ ಕಕ್ಕಯ್ಯ ಎಂದು ಕಾಯಕವು ಹೆಸರಿನ ಮುಂದೆಯೇ ನಿಂತಿತು. ಶರಣರು ಅಳಿಸಿದ್ದು ಕಾಯಕದ ಹೆಸರನ್ನಲ್ಲ, ಆ ಹೆಸರಿಗೆ ಸಮಾಜವು ಅಂಟಿಸಿದ್ದ ಮೇಲುಕೀಳಿನ ಬೆಲೆಯನ್ನು. ಅಂಗದ ಮೇಲಣ ಲಿಂಗವು ಒಂದಾದ ಮೇಲೆ ಅಂಬಿಗನು ಅಂಬಿಗನಾಗಿಯೇ ಮಂತ್ರಿಗೆ ಸಮನಾದನು.

ಈ ತತ್ತ್ವಕ್ಕೆ ತೆತ್ತ ಬೆಲೆಯನ್ನು ಉಳವಿಯ ನೆಲ ಮರೆತಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಂತ್ರಿ ಮಧುವರಸನ ಮಗಳಿಗೂ ನಡೆದ ವಿವಾಹವೇ ಎಳೆಹೂಟೆಯ ಶಿಕ್ಷೆಗೂ, 1167ರ ಸುಮಾರಿನ ಕಲ್ಯಾಣದ ವಿಪ್ಲವಕ್ಕೂ ಕಾರಣವಾಯಿತೆಂದು ಪರಂಪರೆ ನುಡಿಯುತ್ತದೆ. ಉಳವಿಯ ಕಾಡಿನಲ್ಲಿ ಮಹಾಮನೆಯ ಗವಿಯಿದೆ, ಅಕ್ಕನಾಗಮ್ಮನವರ ಗವಿಯಿದೆ, ಹರಳಯ್ಯನ ಹೆಸರಿನ ಚಿಲುಮೆಯೂ ಇದೆ. ಕಲ್ಯಾಣವು ಸಹಿಸದ ಹೆಸರನ್ನು ಈ ಅಡವಿ ತನ್ನ ನೀರಿಗೆ ಇಟ್ಟುಕೊಂಡಿದೆ.

ಮಾಘ ಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಗಳಿಂದ ಸಿಂಗರಿಸಿದ ಚಕ್ಕಡಿಗಳು ಸಾಲುಗಟ್ಟಿ ಉಳವಿಗೆ ಬರುತ್ತವೆ. ಎತ್ತಿನ ಕೊರಳ ಗೆಜ್ಜೆಯ ಸದ್ದು ಕಾಡನ್ನು ತುಂಬುತ್ತದೆ. ಬಯಲಿನ ಭಕ್ತರು ಕುಣಬಿಯ, ಗೌಳಿಯ, ಸಿದ್ದಿಯ ನಾಡನ್ನು ಹಾದೇ ಚನ್ನಬಸವಣ್ಣನ ಸನ್ನಿಧಿಗೆ ಸೇರಬೇಕು. ಈ ಯಾತ್ರೆಯು ಭಕ್ತರ ಮುಂದೆ ಒಂದು ಪ್ರಶ್ನೆಯನ್ನು ಇಡುತ್ತದೆ. ಕುಲವನ್ನು ನಿರಾಕರಿಸಿದ ಧರ್ಮದ ಒಳಗೇ ಒಳಪಂಗಡಗಳು ಬೆಳೆದುವು, ಕೊಟ್ಟು ಕೊಳ್ಳುವುದಕ್ಕೆ ಬೇಲಿಗಳೆದ್ದವು ಎಂಬುದು ಇತಿಹಾಸವು ಮರೆಮಾಚದ ಸತ್ಯ. ಹರಳಯ್ಯನ ಚಿಲುಮೆಯ ನೀರನ್ನು ತೀರ್ಥವೆಂದು ತಲೆಗೆ ಹಾಕಿಕೊಂಡವನು, ದಾರಿಯಲ್ಲಿ ಬಾಯಾರಿದಾಗ ನೀರು ಕೊಟ್ಟವನ ಕುಲವನ್ನು ಕೇಳಿದರೆ ಆ ತೀರ್ಥಕ್ಕೆ ಏನು ಅರ್ಥ? ಬಂದವನನ್ನು ತನ್ನ ಮನೆಯ ಮಗನೆಂದೇ ಎಣಿಸಬೇಕೆಂದು ಬಸವಣ್ಣನವರು ಕೂಡಲಸಂಗಮದೇವನಲ್ಲಿ ಮೊರೆಯಿಟ್ಟರು. ಇಲ್ಲಿಯಾದರೋ ಬಂದವರು ಶರಣರು. ಅವರಿಗೆ ಎಡೆಕೊಟ್ಟದ್ದು ಈ ಕಾಡಿನ ನೆಲ.

ಸೂಪಾ ಸೀಮೆಯ ಚರಿತ್ರೆಯು ಕಲಿಸುವುದು ಇಷ್ಟು: ಒಬ್ಬ ಮನುಷ್ಯನಲ್ಲಿ ಹಲವು ಗುರುತುಗಳು ಕೂಡಿ ಬಾಳಬಲ್ಲವು, ಒಂದನ್ನು ಉಳಿಸಲು ಇನ್ನೊಂದನ್ನು ಕೊಲ್ಲಬೇಕಾಗಿಲ್ಲ. ಅವುಗಳನ್ನು ಏಣಿಯ ಮೆಟ್ಟಿಲುಗಳಂತೆ ಮೇಲೆ ಕೆಳಗೆ ಜೋಡಿಸಿದಾಗಲಷ್ಟೇ ಅನ್ಯಾಯ ಹುಟ್ಟುತ್ತದೆ. ಆ ಏಣಿಯನ್ನು ಇಳಿಸಿದ ಶರಣರು ಕಡೆಗೆ ವಿಶ್ರಮಿಸಿದ ನೆಲವನ್ನು ತುಳಿಯುವ ಪ್ರತಿಯೊಬ್ಬ ಯಾತ್ರಿಕನೂ ಗುಡಿಯ ಬಾಗಿಲಿಗಿಂತ ಮೊದಲು ಆ ನೆಲದ ಜನಕ್ಕೆ ಶರಣೆನ್ನುವುದು ಯುಕ್ತ.