ನಿನ್ನೆಯ ತಪ್ಪೇ ನಾಳೆಯ ಕಾವಲು

ಮನೆಯ ರೇಡಿಯೋ ಗೊರಗುಟ್ಟುತ್ತದೆಂದು ರಿಪೇರಿಗೆ ಕೊಡುತ್ತೀರಿ. ಮರಳಿ ಬಂದಾಗ ಗೊರಗೊರ ನಿಂತಿರುತ್ತದೆ. ಆದರೆ ಅದುವರೆಗೆ ಚೆನ್ನಾಗಿ ಕೇಳುತ್ತಿದ್ದ ಧಾರವಾಡ ನಿಲಯ ಸಿಗದಾಗಿರುತ್ತದೆ. ಒಂದನ್ನು ಸರಿಮಾಡಲು ಹೋಗಿ ಇನ್ನೊಂದು ಕೆಟ್ಟಿತು! ಆದುದರಿಂದಲೇ ಬಲ್ಲ ರಿಪೇರಿಯವನು ಸೆಟ್ಟನ್ನು ಹಿಂದಿರುಗಿಸುವ ಮುನ್ನ ಮೊದಲು ಸಿಗುತ್ತಿದ್ದ ನಿಲಯಗಳನ್ನೆಲ್ಲ ಒಂದೊಂದಾಗಿ ಹಿಡಿದು ನೋಡುತ್ತಾನೆ. ಕಂಪ್ಯೂಟರಿನ ಸಾಫ್ಟ್‌ವೇರ್ ಬರೆಯುವವರೂ ಪ್ರತಿಯೊಂದು ತಿದ್ದುಪಡಿಯ ಬಳಿಕ ಹೀಗೆಯೇ ಮಾಡುತ್ತಾರೆ. ಇದಕ್ಕೆ ಅವರು ರಿಗ್ರೆಷನ್ ಟೆಸ್ಟ್ ಎನ್ನುತ್ತಾರೆ. ಹೊಸತು ಬಂದಾಗ ಹಳೆಯದು ಕೆಡಲಿಲ್ಲವಷ್ಟೆ ಎಂದು ನೋಡುವ ಪರೀಕ್ಷೆ ಇದು. ಬಿಟ್‌ಕಾಯಿನ್ ಎಂಬ ನಾಣ್ಯದ ಚರಿತ್ರೆಯಲ್ಲಿ ಈ ಪರೀಕ್ಷೆಯ ಬೆಲೆ ಎಷ್ಟೆಂಬುದು ಮೂರು ಸಲ ತಿಳಿದುಬಂದಿತು.

ಸತೋಶಿ ನಕಾಮೊಟೊ ಎಂಬ ಹೆಸರಿನ ಮರೆಯಲ್ಲಿದ್ದವರು 2009ರ ಜನವರಿಯಲ್ಲಿ ಈ ನಾಣ್ಯವನ್ನು ಆರಂಭಿಸಿದರು. ಇದಕ್ಕೆ ಬ್ಯಾಂಕಿಲ್ಲ, ಟಂಕಸಾಲೆಯಿಲ್ಲ. ಇರುವುದೊಂದು ಕಿರ್ದಿ ಪುಸ್ತಕ ಮಾತ್ರ. ಅದರ ನಕಲು ಲೋಕದಾದ್ಯಂತ ಸಾವಿರಾರು ಕಂಪ್ಯೂಟರುಗಳಲ್ಲಿರುತ್ತದೆ. ಇಂಥ ಒಂದೊಂದು ಕಂಪ್ಯೂಟರಿಗೂ ನೋಡ್ ಎಂದು ಹೆಸರು. ಸುಮಾರು ಹತ್ತು ನಿಮಿಷಕ್ಕೊಮ್ಮೆ ಕಿರ್ದಿಗೆ ಒಂದು ಹೊಸ ಪುಟ ಸೇರುತ್ತದೆ. ಈ ಪುಟವೇ ಬ್ಲಾಕ್. ಪ್ರತಿಯೊಂದು ನೋಡೂ ಅದನ್ನು ತಾನೇ ತಪಾಸಣೆ ಮಾಡಿ ಒಪ್ಪುತ್ತದೆ, ಇಲ್ಲವೇ ತಳ್ಳುತ್ತದೆ. ತೀರ್ಪು ಹೇಳಲು ಮೇಲಧಿಕಾರಿಯಿಲ್ಲ. ನೋಡುಗಳಲ್ಲಿ ಭಿನ್ನಾಭಿಪ್ರಾಯ ಬಂದರೆ ಕಿರ್ದಿ ಎರಡಾಗುತ್ತದೆ. ಒಂದೇ ಹಣಕ್ಕೆ ಎರಡು ಲೆಕ್ಕವಾದರೆ ಅದನ್ನು ಯಾರು ನಂಬುತ್ತಾರೆ?

ಮೊದಲನೆಯ ಪ್ರಸಂಗ 2010ರ ಆಗಸ್ಟ್ 15ರದು. ಈ ನಾಣ್ಯಗಳು ಎಂದೆಂದಿಗೂ 2 ಕೋಟಿ 10 ಲಕ್ಷವನ್ನು ಮೀರಬಾರದೆಂಬುದು ಮೂಲ ನಿಯಮ. ಅಂದು 74,638ನೆಯ ಬ್ಲಾಕಿನಲ್ಲಿ ಯಾರೋ 18,446 ಕೋಟಿ ನಾಣ್ಯಗಳನ್ನು ಸೃಷ್ಟಿಸಿಬಿಟ್ಟರು! ಮನೆಯ ಕರೆಂಟು ಮೀಟರಿನಲ್ಲಿ ಒಂಬತ್ತುಗಳೆಲ್ಲ ತುಂಬಿದ ಮೇಲೆ ಅಂಕಿ ಮತ್ತೆ ಸೊನ್ನೆಗೆ ಇಳಿಯುವುದಲ್ಲವೇ? ಎರಡು ಭಾರಿ ಮೊತ್ತಗಳನ್ನು ಕೂಡಿಸಿದಾಗ ಇಲ್ಲಿಯೂ ಅಂಕಿ ತುಂಬಿ ತುಳುಕಿ ಸೊನ್ನೆಗಿಂತಲೂ ಕೆಳಗಿಳಿಯಿತು. ಕೊಡುವ ಮೊತ್ತ ಇರುವ ಮೊತ್ತವನ್ನು ಮೀರಿಲ್ಲವೆಂದು ತಪಾಸಣೆ ಮೋಸಹೋಯಿತು. ಕೆಲವೇ ಗಂಟೆಗಳಲ್ಲಿ ತಿದ್ದಿದ ಸಾಫ್ಟ್‌ವೇರ್ ಹೊರಬಂದಿತು. ಕೆಟ್ಟ ಪುಟವನ್ನು ಬಿಟ್ಟು ಸರಿಯಾದ ಕಿರ್ದಿ ಮುಂದೆ ಸಾಗಿತು. ನಿಯಮ ಮೀರಿದ ಮೊತ್ತವನ್ನು ಬೇಕೆಂದೇ ಕೊಟ್ಟು, ಸಾಫ್ಟ್‌ವೇರ್ ಅದನ್ನು ತಳ್ಳುವುದೋ ಎಂದು ನೋಡುವ ಪರೀಕ್ಷೆಗಳು ಇಂದು ಆ ಸಾಫ್ಟ್‌ವೇರಿನ ಜೊತೆಗೇ ಇವೆ. ಪ್ರತಿ ತಿದ್ದುಪಡಿಗೂ ಅವು ಮತ್ತೆ ನಡೆಯುತ್ತವೆ.

ಎರಡನೆಯದು ಇನ್ನೂ ವಿಚಿತ್ರ. 2013ರ ಫೆಬ್ರವರಿಯಲ್ಲಿ 0.8 ಎಂಬ ಆವೃತ್ತಿ ಬಂದಿತು. ಅದರಲ್ಲಿ ದಾಖಲೆ ಇಡುವ ಒಳಗಿನ ವ್ಯವಸ್ಥೆಯನ್ನು, ಎಂದರೆ ಹಳೆಯ ಬರ್ಕ್ಲಿ ಡಿಬಿಯನ್ನು, ತೆಗೆದು ಲೆವೆಲ್ ಡಿಬಿಯನ್ನು ಹಾಕಿದ್ದರು. ಹಳೆಯದರಲ್ಲಿ ಏಕಕಾಲಕ್ಕೆ ಹಾಕಬಹುದಾದ ಬೀಗಗಳಿಗೆ 10,000ದ ಮಿತಿಯಿತ್ತು. ಮಾರ್ಚ್ 11ರಂದು ಬಂದ 225,430ನೆಯ ಬ್ಲಾಕ್ ಬಲು ದೊಡ್ಡದು; ಹಳೆಯ ನೋಡುಗಳಿಗೆ ಬೀಗಗಳು ಸಾಲದೆ ಅದನ್ನು ತಳ್ಳಿದವು, ಹೊಸವು ಒಪ್ಪಿದವು. ಸುಮಾರು ಆರು ಗಂಟೆಗಳ ಕಾಲ ಕಿರ್ದಿ ಎರಡಾಗಿತ್ತು. ಆ ಬಿರುಕಿನಲ್ಲಿ ಸುಮಾರು 10,000 ಡಾಲರ್ ಬೆಲೆಯ ಹಣ ಎರಡು ಸಲ ಚಲಾವಣೆಯಾಯಿತು.

ಇಲ್ಲಿ ತಪ್ಪು ಯಾರದು? ಹೊಸ ಸಾಫ್ಟ್‌ವೇರ್ ಬರೆದಿಟ್ಟ ನಿಯಮದಂತೆಯೇ ನಡೆದಿತ್ತು. ಹಳೆಯದರ ಕುಂದು ಮಾತ್ರ ಯಾರೂ ಬರೆಯದ ನಿಯಮವಾಗಿ ಕುಳಿತಿತ್ತು. ಕೊನೆಗೆ ಶಾಂತಿಗಾಗಿ ಹೊಸಬರೇ ಹಿಂದೆ ಸರಿದರು. ತಾವು ಬರೆದ 24 ಪುಟಗಳನ್ನು ಕೈಬಿಟ್ಟರು. ಇಂಥ ಕಿರ್ದಿಯಲ್ಲಿ "ಇದು ಸರಿಯೇ?" ಎಂದಷ್ಟೇ ಕೇಳಿದರೆ ಸಾಲದು, "ಇದು ನಿನ್ನೆಯಂತೆಯೇ ಇದೆಯೇ?" ಎಂದೂ ಕೇಳಬೇಕೆಂಬ ಪಾಠ ಅಂದು ದೊರೆಯಿತು.

ಇಂಥ ಪರೀಕ್ಷೆಯನ್ನು ನಿಜವಾದ ಕಿರ್ದಿಯ ಮೇಲೆ ನಡೆಸುವಂತಿಲ್ಲ. ಅದಕ್ಕಾಗಿ ರೆಗ್‌ಟೆಸ್ಟ್ ಎಂಬ ಒಂದು ಆಟದ ಕಿರ್ದಿಯುಂಟು. ಅಲ್ಲಿ ಹತ್ತು ನಿಮಿಷ ಕಾಯಬೇಕಿಲ್ಲ, ಕೇಳಿದ ಕ್ಷಣದಲ್ಲೇ ಬ್ಲಾಕ್ ಹುಟ್ಟುತ್ತದೆ. ಹೊಸ ನಾಣ್ಯಗಳ ಸಂಭಾವನೆ ನಿಜವಾದ ಕಿರ್ದಿಯಲ್ಲಿ 2,10,000 ಬ್ಲಾಕುಗಳಿಗೊಮ್ಮೆ ಅರ್ಧವಾದರೆ, ಇಲ್ಲಿ 150ಕ್ಕೊಮ್ಮೆ. ನಾಲ್ಕು ವರ್ಷಗಳ ಚರಿತ್ರೆ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಹಲವು ನೋಡುಗಳನ್ನು ನಡೆಸುತ್ತಾರೆ. ಅವುಗಳ ಸಂಪರ್ಕ ಕಡಿದು ಜಗಳ ಹಚ್ಚುತ್ತಾರೆ. ಮತ್ತೆ ಕೂಡಿಸಿ, ಒಮ್ಮತಕ್ಕೆ ಬಂದವೇ ಎಂದು ನೋಡುತ್ತಾರೆ.

ಇಷ್ಟಾದರೂ ಮೂರನೆಯ ಪ್ರಸಂಗ ತಪ್ಪಲಿಲ್ಲ. ಒಂದೇ ನಾಣ್ಯವನ್ನು ಒಂದೇ ವ್ಯವಹಾರದಲ್ಲಿ ಎರಡು ಸಲ ಎಣಿಸಬಾರದಷ್ಟೆ. ಬ್ಲಾಕ್ ಬಂದಾಗ ಇದನ್ನು ನೋಡುವ ತಪಾಸಣೆಯನ್ನು, ಬೇರೆಡೆ ಹೇಗೂ ಆಗುತ್ತದೆಂದು ಬಗೆದು, ವೇಗಕ್ಕಾಗಿ 0.14ನೆಯ ಆವೃತ್ತಿಯಲ್ಲಿ ಬಿಟ್ಟರು. ಈ ತಪ್ಪಿಗೆ ಪರೀಕ್ಷೆ ಇದ್ದೇ ಇತ್ತು! ಆದರೆ ಅದು ಬಿಡಿ ವ್ಯವಹಾರದ ಬಾಗಿಲನ್ನು ಕಾಯುತ್ತಿತ್ತು. ಬ್ಲಾಕ್ ಬರುವ ಬಾಗಿಲು ತೆರೆದಿತ್ತು. ಪರೀಕ್ಷೆಗಳೆಲ್ಲ ತೇರ್ಗಡೆಯಾದವು, ಕುಂದು ಒಳಗೇ ಉಳಿಯಿತು. 2018ರ ಸೆಪ್ಟೆಂಬರಿನಲ್ಲಿ ಅನಾಮಧೇಯರೊಬ್ಬರು ಗುಟ್ಟಾಗಿ ಎಚ್ಚರಿಸಿದರು. ಮರುದಿನವೇ, 18ರಂದು, ತಿದ್ದಿದ 0.16.3 ಹೊರಬಂದಿತು. ದುರುಪಯೋಗವಾಗುವ ಮುನ್ನ ಬಾಗಿಲು ಮುಚ್ಚಿತು. ಆ ತಿದ್ದುಪಡಿಯೊಡನೆ, ಆಟದ ಕಿರ್ದಿಗೆ ಅಂಥದೇ ಕೆಟ್ಟ ಬ್ಲಾಕನ್ನು ಒಡ್ಡಿ ನೋಡುವ ಹೊಸ ಪರೀಕ್ಷೆಯೂ ಸೇರಿತು.

ರಾಜರ ಚರಿತ್ರೆಯನ್ನು ಶಾಸನಗಳು ಹೇಳುತ್ತವೆ. ಈ ಕಿರ್ದಿಯ ಚರಿತ್ರೆಯನ್ನು ಅದರ ಪರೀಕ್ಷೆಗಳಲ್ಲಿ ಓದಬಹುದು. ಎಡವಿದ ಕಲ್ಲುಗಳನ್ನು ಮರೆಯದೆ ಕಾವಲಿಗೆ ನಿಲ್ಲಿಸಿಕೊಂಡ ಚರಿತ್ರೆ ಅದು. ಎಡವದಿರುವ ಕಲ್ಲು ಇನ್ನೂ ಎಲ್ಲಿದೆಯೋ! ಅದನ್ನು ಹುಡುಕುವ ಕೆಲಸ ಪರೀಕ್ಷೆಯದಲ್ಲ, ಮನುಷ್ಯನದು.