ಬೈರಿಗೆ ಮನೆಯೊಳಗೆ ಬಂದ ಬಗೆ

'ಬೈರಿಗೆ' ಎಂಬ ಮಾತು ಕಿವಿಗೆ ಬಿದ್ದು ಎಷ್ಟು ವರ್ಷವಾಯಿತು? ಇಲ್ಲಿ ಹುಟ್ಟಿದ ನಮ್ಮ ಮಕ್ಕಳನ್ನು ಕೇಳಿದರೆ ಬೈಯುವುದಕ್ಕೆ ಸಂಬಂಧಿಸಿದ್ದಿರಬೇಕು ಎಂದಾರು. ನಾವಾದರೂ ಈಗ 'ಡ್ರಿಲ್' ಎನ್ನುವವರೇ. ಊರಿನಲ್ಲಿ ಬಡಗಿಯ ಚೀಲದಲ್ಲಿ ಉಳಿ, ಬಾಚಿ, ಗರಗಸಗಳ ಜೊತೆಗಿರುತ್ತಿದ್ದ, ಮರಕ್ಕೆ ತೂತು ಕೊರೆಯುವ ಸಾಧನವೇ ಬೈರಿಗೆ. ತುದಿಯಲ್ಲಿ ಕಬ್ಬಿಣದ ಮೊನೆ, ಮೇಲೆ ಅದುಮಿ ಹಿಡಿಯಲು ಒಂದು ಹಿಡಿ, ನಡುವಿನ ಕೋಲಿಗೆ ಸುತ್ತಿದ ಹುರಿ. ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಎಳೆದರೆ ಕೋಲು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಈಜಿಪ್ಟಿನ ಗೋರಿಗಳ ಗೋಡೆಚಿತ್ರಗಳಲ್ಲಿ 3,000ಕ್ಕೂ ಹೆಚ್ಚು ವರ್ಷಗಳ ಹಿಂದಿನ ಬಡಗಿಗಳು ಹೆಚ್ಚುಕಡಿಮೆ ಇದನ್ನೇ ಹಿಡಿದು ಕೂತಿದ್ದಾರೆ.

ಆ ಬೈರಿಗೆ ನಮ್ಮ ಮನೆಗಳಿಗೆ ಬರುತ್ತಿತ್ತು, ಆದರೆ ಮನೆಯವರ ಕೈಗೆ ಬರುತ್ತಿರಲಿಲ್ಲ. ಬಾಗಿಲು ಜೋತುಬಿದ್ದರೆ ಆಚಾರ್ರಿಗೆ ಹೇಳಿಕಳಿಸುವುದು, ಅವರು ಬರುವವರೆಗೆ ಬಾಗಿಲಿಗೆ ಕಲ್ಲು ಒತ್ತಿಡುವುದು. ಓದಿದ ಮನೆಯ ಹುಡುಗ ಉಳಿ ಹಿಡಿದರೆ ಅವನಿಗೆ ಓದು ತಲೆಗೆ ಹತ್ತಲಿಲ್ಲ ಎಂದೇ ಅರ್ಥ. ಆಯುಧಪೂಜೆಯ ದಿನ ಇಕ್ಕಳಕ್ಕೂ ಸ್ಕ್ರೂಡ್ರೈವರಿಗೂ ಅರಿಶಿನ ಕುಂಕುಮ ಇಡುತ್ತಿದ್ದೆವು. ಹಬ್ಬ ಕಳೆದ ಮೇಲೆ ಅವು ಮತ್ತೆ ಅಟ್ಟಕ್ಕೆ. ಕಾಯಕವೇ ಕೈಲಾಸ ಎಂದು ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಗೆದ್ದ ನಮ್ಮಲ್ಲಿ ಅನೇಕರು ಮೊದಲ ಸಲ ಗೋಡೆಗೆ ತೂತು ಕೊರೆದದ್ದು ಅಮೆರಿಕಕ್ಕೆ ಬಂದ ಮೇಲೆ. ಇದಕ್ಕೆ ನಮ್ಮ ಮನಃಪರಿವರ್ತನೆ ಕಾರಣವೇನಲ್ಲ. ಇಲ್ಲಿ ಕೆಲಸದವರ ಕೂಲಿ ದುಬಾರಿ, ಉಪಕರಣ ಅಗ್ಗ, ಅಷ್ಟೇ! ಈ ಅಗ್ಗ ಎಲ್ಲಿ ಶುರುವಾಯಿತು ಎಂದು ಹುಡುಕುತ್ತಾ ಹೊರಟರೆ ಬಹಳ ದೂರವೇನೂ ಹೋಗಬೇಕಿಲ್ಲ. ವಾಷಿಂಗ್ಟನ್ನಿನಿಂದ ಸುಮಾರು ಒಂದು ಗಂಟೆಯ ದಾರಿ, ಬಾಲ್ಟಿಮೋರ್.

1910ರಲ್ಲಿ ಅಲ್ಲಿ ಡಂಕನ್ ಬ್ಲ್ಯಾಕ್ ಮತ್ತು ಅಲೊಂಜೊ ಡೆಕರ್ ಎಂಬ ಇಬ್ಬರು ಯುವಕರು 1,200 ಡಾಲರ್ ಬಂಡವಾಳ ಹಾಕಿ ಒಂದು ವರ್ಕ್‌ಶಾಪ್ ತೆರೆದರು. ಬ್ಲ್ಯಾಕ್ ತನ್ನ ಕಾರು ಮಾರಿ 600 ತಂದ; ಡೆಕರ್ ಮನೆಯನ್ನು ಅಡವಿಟ್ಟು 600 ತಂದ. ಮೊದಮೊದಲು ಮಾಡಿದ್ದು ಹಾಲಿನ ಬಾಟಲಿಗೆ ಮುಚ್ಚಳ ಮಾಡುವ ಯಂತ್ರ, ಮಿಠಾಯಿ ಅದ್ದುವ ಯಂತ್ರ ಇತ್ಯಾದಿ ಬೇರೆಯವರ ಕೆಲಸ. ವಿದ್ಯುತ್ ಬೈರಿಗೆ ಇವರ ಆವಿಷ್ಕಾರವಲ್ಲ. ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಕಂಪನಿ 1895ರಲ್ಲೇ ಹೊತ್ತೊಯ್ಯಬಹುದಾದ ವಿದ್ಯುತ್ ಡ್ರಿಲ್ ಮಾಡಿತ್ತು. ಆದರೆ ಅದು ಭಾರ. ಎರಡೂ ಕೈಯಲ್ಲಿ ಹಿಡಿದು ಎದೆಯಿಂದ ಒತ್ತಬೇಕು. ಬಾಲ್ಟಿಮೋರಿನ ಜೋಡಿ ಬದಲಿಸಿದ್ದು ಹಿಡಿಯನ್ನು. ಪಿಸ್ತೂಲಿನಂತೆ ಒಂದೇ ಕೈಗೆ ಒಗ್ಗುವ ಹಿಡಿ, ತೋರುಬೆರಳಿಗೆ ಕುದುರೆಯಂಥ ಸ್ವಿಚ್ಚು. ಬೆರಳು ಬಿಟ್ಟರೆ ಯಂತ್ರ ನಿಂತಿತು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಒಳಗಿನ ಎಂಜಿನ್ ಹಳೆಯದು, ಯೂಸರ್ ಇಂಟರ್‌ಫೇಸ್ ಹೊಸದು. 1914ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1917ರಲ್ಲಿ ಸಿಕ್ಕಿತು. ಅದೇ ವರ್ಷ ಪಕ್ಕದ ಟೌಸನ್ನಿನಲ್ಲಿ ಕಾರ್ಖಾನೆ ತೆರೆಯಿತು. ನೂರು ವರ್ಷ ದಾಟಿದರೂ ಆ ಹಿಡಿಯ ರೂಪ ಹಾಗೇ ಇದೆ ನೋಡಿ. ನಮ್ಮ ವೃತ್ತಿಯಲ್ಲಿ ಹತ್ತು ವರ್ಷ ಬಾಳಿದ ಇಂಟರ್‌ಫೇಸನ್ನೇ ಪುರಾತನ ಎನ್ನುತ್ತೇವೆ.

ಆದರೂ ಮೂವತ್ತು ವರ್ಷ ಅದು ಕಾರ್ಖಾನೆಯ ವಸ್ತುವಾಗಿಯೇ ಉಳಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದು ಸ್ವಾರಸ್ಯ ನಡೆಯಿತು. ಯುದ್ಧ ಸಾಮಗ್ರಿ ತಯಾರಿಸುವ ಕಾರ್ಖಾನೆಗಳಲ್ಲಿ ಡ್ರಿಲ್‌ಗಳು ಕಾಣೆಯಾಗತೊಡಗಿದವು. ಕೆಲಸಗಾರರು ಅವನ್ನು ಮನೆಗೆ ಒಯ್ಯುತ್ತಿದ್ದರು. ಕಳವು ಎನ್ನಿ, ಎರವಲು ಎನ್ನಿ. ಬೇರೆ ಯಾರಾದರೂ ಆಗಿದ್ದರೆ ಗೇಟಿನಲ್ಲಿ ಕಾವಲು ಹೆಚ್ಚಿಸುತ್ತಿದ್ದರು. ಡೆಕರ್‌ನ ಮಗ, ಅವನ ಹೆಸರೂ ಅಲೊಂಜೊ, ಇದರಲ್ಲಿ ಬೇರೆಯೇ ಅರ್ಥ ಕಂಡ: ಜನರಿಗೆ ಇದು ಮನೆಯಲ್ಲೂ ಬೇಕಾಗಿದೆ! 1946ರಲ್ಲಿ ಮನೆಬಳಕೆಯ ಕಾಲು ಅಂಗುಲದ ಡ್ರಿಲ್ 16 ಡಾಲರ್ 95 ಸೆಂಟಿಗೆ ಮಾರುಕಟ್ಟೆಗೆ ಬಂತು. ಯುದ್ಧದಿಂದ ಮರಳಿದ ಸೈನಿಕರು ಊರಾಚೆಯ ಹೊಸ ಬಡಾವಣೆಗಳಲ್ಲಿ ಮನೆ ಕೊಳ್ಳುತ್ತಿದ್ದ ಕಾಲ ಅದು. ಗುಮಾಸ್ತನೂ ಮೇಷ್ಟರೂ ಶನಿವಾರ ಬಡಗಿಗಳಾದರು.

1961ರಲ್ಲಿ ಇದೇ ಕಂಪನಿ ಬ್ಯಾಟರಿಯಿಂದ ನಡೆಯುವ, ತಂತಿಯಿಲ್ಲದ ಡ್ರಿಲ್ ತಂದಿತು. ತಂತಿಯಿಲ್ಲದ ಡ್ರಿಲ್ ಹುಟ್ಟಿದ್ದೇ ನಾಸಾದಲ್ಲಿ ಎಂದು ನಮ್ಮ ಗೆಳೆಯರ ಕೂಟಗಳಲ್ಲಿ ಯಾರಾದರೂ ಅಧಿಕಾರವಾಣಿಯಿಂದ ಹೇಳುವುದುಂಟು. ನಡೆದದ್ದು ತಿರುವುಮುರುವು. ಮನೆಯ ಡ್ರಿಲ್ ಮೊದಲು, ಚಂದ್ರನ ಡ್ರಿಲ್ ಆಮೇಲೆ. ಮಾರ್ಟಿನ್ ಮೆರಿಯೆಟಾ ಕಂಪನಿಯೊಡನೆ ಸೇರಿ ಮಾಡಿದ ಚಂದ್ರನ ಡ್ರಿಲ್ಲನ್ನು 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಹಿಡಿದಾಗ ಅದು ಯೋಜಿಸಿದಷ್ಟು ಆಳಕ್ಕೆ ಇಳಿಯಲೇ ಇಲ್ಲ. ಮಣ್ಣು ತುಂಬಿದ ನಳಿಕೆ ಒಳಗೇ ಕಚ್ಚಿಕೊಂಡು, ಇಬ್ಬರು ಗಗನಯಾತ್ರಿಗಳು ಭುಜ ಕೊಟ್ಟು ಎತ್ತಬೇಕಾಯಿತು. ಊರಿನಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ಆ ಸಂಕಟ ಅರ್ಥವಾದೀತು.

ಡ್ರಿಲ್ ಅಗ್ಗವಾಯಿತು ನಿಜ, ಆದರೆ ಅದನ್ನು ಹಿಡಿಯುವುದನ್ನು ಕಲಿಸುವವರು ಯಾರು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಟ್ಲಾಂಟಾದಲ್ಲಿ. ಕ್ಯಾಲಿಫೋರ್ನಿಯಾದ ಅಂಗಡಿ ಸರಣಿಯೊಂದರಿಂದ 1978ರಲ್ಲಿ ಕೆಲಸ ಕಳೆದುಕೊಂಡ ಬರ್ನಿ ಮಾರ್ಕಸ್ ಮತ್ತು ಆರ್ಥರ್ ಬ್ಲ್ಯಾಂಕ್ 1979ರ ಜೂನ್ 22ರಂದು ಅಲ್ಲಿ ಹೋಮ್ ಡಿಪೋದ ಮೊದಲ ಎರಡು ಮಳಿಗೆ ತೆರೆದರು. ಒಂದೊಂದೂ ಸುಮಾರು 60,000 ಚದರಡಿ. ಅಷ್ಟು ಜಾಗ ತುಂಬಲು ಸರಕಿಗೆ ಹಣವಿಲ್ಲದೆ ಖಾಲಿ ಪೆಟ್ಟಿಗೆಗಳನ್ನೂ ಬಣ್ಣದ ಖಾಲಿ ಡಬ್ಬಗಳನ್ನೂ ಎತ್ತರಕ್ಕೆ ಪೇರಿಸಿಟ್ಟರಂತೆ. ಒಳಗೆ ಬಂದವರಿಗೆ ಕೊಡಲು ತಮ್ಮ ಮಕ್ಕಳ ಕೈಗೆ ಡಾಲರ್ ನೋಟುಗಳ ಕಟ್ಟು ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದರು; ನೋಟು ಖರ್ಚಾಗದೆ ಉಳಿದವು. ಮಾರ್ಕಸ್‌ನ ಅಪ್ಪ ರಷ್ಯಾದಿಂದ ವಲಸೆ ಬಂದ ಬಡಗಿ. ಆ ಅಂಗಡಿಯ ನಿಜವಾದ ಬಂಡವಾಳವೆಂದರೆ ಟೈಲ್ಸ್ ಹಾಕುವುದು ಹೇಗೆ, ನಲ್ಲಿ ಬದಲಿಸುವುದು ಹೇಗೆ ಎಂದು ಗಿರಾಕಿಗೆ ನಿಂತು ಹೇಳಿಕೊಡುವ ನೌಕರರು. ಗುರುದಕ್ಷಿಣೆಯಿಲ್ಲದ ಆ ಪಾಠದಿಂದಲೇ ನಮ್ಮಂಥವರು ಕನ್ನಡ ಕೂಟದ ನಾಟಕಕ್ಕೆ ಹಲಗೆ ಕೊರೆದು ಅರಮನೆಯ ಬಾಗಿಲು ನಿಲ್ಲಿಸುವ ಮಟ್ಟಕ್ಕೆ ಬಂದದ್ದು.

ಮುಂದಿನ ಹಂತ ಪುಕ್ಕಟೆ! 1977ರಲ್ಲಿ ಅಂಚೆ ಮಾರಾಟದಿಂದ ಶುರುವಾದ, ದಕ್ಷಿಣ ಕ್ಯಾರೊಲಿನಾದ ಡಿಲನ್ನಿನಲ್ಲಿ ದೊಡ್ಡ ಉಗ್ರಾಣವಿರುವ ಹಾರ್ಬರ್ ಫ್ರೈಟ್, ಏನಾದರೂ ಕೊಂಡರೆ ಒಂದು ಮಲ್ಟಿಮೀಟರ್ ಉಚಿತ ಎಂಬ ಕೂಪನ್ನುಗಳನ್ನು ವರ್ಷಗಟ್ಟಲೆ ಹಂಚಿತು. ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ಮೂರು ಮೂರು ಮಾಪಕ ಹೊರಲು ಬೇಸತ್ತು ರೂಪಿಸಿದ, 1923ರಲ್ಲಿ ಮಾರಾಟಕ್ಕೆ ಬಂದ ಮೀಟರಿನ ಸಂತತಿ ಅದು. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಬೀರುವಿನೊಳಗೆ ಬೀಗದಲ್ಲಿರುತ್ತಿದ್ದ ವಸ್ತು! ಚಳಿಗಾಲದ ಬೆಳಿಗ್ಗೆ ಕಾರು ಸ್ಟಾರ್ಟ್ ಆಗದಿದ್ದರೆ ಬ್ಯಾಟರಿಯ ಎರಡು ತುದಿಗೆ ಮುಟ್ಟಿಸಿ ನೋಡಿ. 12.6 ವೋಲ್ಟ್ ಇದ್ದರೆ ಅದು ತುಂಬಿದೆ, ದೋಷ ಬಹುಶಃ ಕಿಲುಬು ಹಿಡಿದ ತಂತಿಯಲ್ಲಿ. 12ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬರಿದಾಗಿದೆ.

ಇಷ್ಟು ಅಗ್ಗ ಹೇಗೆ ಸಾಧ್ಯ ಎಂಬುದಕ್ಕೆ ಇನ್ನೊಂದು ಉಪಕರಣದ ಕಥೆ ಹೇಳಬೇಕು. ಕಚ್ಚಿದರೆ ಬಿಡದ ಇಕ್ಕಳ, ವೈಸ್‌ಗ್ರಿಪ್. ಡೆನ್ಮಾರ್ಕಿನಿಂದ ವಲಸೆ ಬಂದು ನೆಬ್ರಾಸ್ಕಾದ ಡೆವಿಟ್ ಎಂಬ ಹಳ್ಳಿಯಲ್ಲಿ ಕುಲುಮೆ ಹಾಕಿದ್ದ ಕಮ್ಮಾರ ವಿಲಿಯಂ ಪೀಟರ್ಸನ್, ಹಿಡಿ ಒತ್ತಿದೊಡನೆ ಬಿಗಿಯುವ ಸನ್ನೆಗೆ 1924ರಲ್ಲಿ ಪೇಟೆಂಟ್ ಪಡೆದ. ಕಾರಿನಲ್ಲಿಟ್ಟುಕೊಂಡು ಊರೂರು ತಿರುಗಿ ಮಾರಿದ. 1938ರಲ್ಲಿ ಅದೇ ಹಳ್ಳಿಯಲ್ಲಿ ಕಾರ್ಖಾನೆ ತೆರೆದ. ಕೆಲವೇ ನೂರು ಜನರ ಊರು ಅದರಿಂದ ಬದುಕಿತು. 2002ರಲ್ಲಿ ಅದನ್ನು ನ್ಯೂವೆಲ್ ರಬ್ಬರ್‌ಮೇಡ್ ಕೊಂಡಿತು. ಆ ಉಪಕರಣ ವಿಭಾಗ, ಇರ್ವಿನ್, ಉತ್ತರ ಕ್ಯಾರೊಲಿನಾದ ಹಂಟರ್ಸ್‌ವಿಲ್ಲಿನಲ್ಲಿತ್ತು. ಕಂಪನಿಯ ಕೇಂದ್ರ ಕಚೇರಿ ಅಟ್ಲಾಂಟಾಕ್ಕೆ ಬಂದಿತ್ತು. ಎರಡೂ ನಮ್ಮ ನೆರೆಹೊರೆಯೇ. 2008ರಲ್ಲಿ ಡೆವಿಟ್ ಕಾರ್ಖಾನೆ ಮುಚ್ಚಿ ತಯಾರಿಕೆ ಚೀನಾಕ್ಕೆ ಹೋಯಿತು. ಸುಮಾರು 330 ಜನ ಕೆಲಸ ಕಳೆದುಕೊಂಡರು. ನಾವು ಅಂಗಡಿಯಲ್ಲಿ ಎರಡು ಇಕ್ಕಳ ಹಿಡಿದು ಬೆಲೆ ಹೋಲಿಸಿ ಅಗ್ಗದ್ದನ್ನು ಗಾಡಿಗೆ ಹಾಕಿಕೊಂಡಾಗೆಲ್ಲ ಆ ತೀರ್ಮಾನಕ್ಕೆ ಒಂದೊಂದು ಸಹಿ ಹಾಕುತ್ತಲೇ ಇದ್ದೆವು. 2017ರಲ್ಲಿ ಇರ್ವಿನ್ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಪಾಲಾಯಿತು, ಅಂದರೆ ಕಮ್ಮಾರನ ಇಕ್ಕಳವೂ ಟೌಸನ್ನಿನ ಬಳಗಕ್ಕೆ ಸೇರಿತು. ಆ ಬಳಿಕ ಮಾಲ್ಕೊ ಎಂಬ ಕಂಪನಿ ಡೆವಿಟ್‌ನ ಅದೇ ಕಾರ್ಖಾನೆಯಲ್ಲಿ ಅಂಥದೇ ಇಕ್ಕಳವನ್ನು ಅಮೆರಿಕದಲ್ಲೇ ಮಾಡಿ ಮಾರಲು ಹೊರಟಿತು. ಬೆಲೆ ಚೀನಾದ್ದಕ್ಕಿಂತ ಬಹಳ ಹೆಚ್ಚು. ಕೆಲವೇ ವರ್ಷಗಳಲ್ಲಿ ಅದೂ ನಿಂತಿತು.

ಗ್ಯಾರೇಜ್ ಸೇಲ್‌ಗಳಲ್ಲಿ 'ಡೆವಿಟ್' ಎಂದು ಅಚ್ಚೊತ್ತಿದ ಹಳೆಯ ಇಕ್ಕಳಗಳು ಎರಡು ಮೂರು ಡಾಲರಿಗೆ ಈಗಲೂ ಸಿಗುವುದುಂಟು. ತುಕ್ಕು ಹಿಡಿದಿದ್ದರೆ ಒಂದು ರಾತ್ರಿ ವಿನೆಗರಿನಲ್ಲಿ ನೆನೆಸಿ, ತಿಕ್ಕಿ ತೊಳೆದು, ಒರೆಸಿ ಎಣ್ಣೆ ಬಿಟ್ಟರೆ ಸಾಕು. ಕೊಳ್ಳುವ ಮುನ್ನ ಹಿಡಿಯ ತುದಿಯ ತಿರುಪು ಸಲೀಸಾಗಿ ತಿರುಗುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ.